ಬಣ್ಣದ ವೇಷ ಇಲ್ಲದ ರಾಕ್ಷಸರು

ಹತ್ತನೇ ಕ್ಲಾಸಿಗೆ ಎರಡನೇ ಮಹಾಯುದ್ಧದ ಪಾಠ ಮಾಡುವಾಗ ಒಂದು ಪ್ರಶ್ನೆ ಪ್ರತಿ ವರ್ಷ ಬಂದೇ ಬರುತ್ತದೆ. ಮಕ್ಕಳು ಬದಲಾಗುತ್ತಾರೆ, ಪ್ರಶ್ನೆ ಮಾತ್ರ ಅದೇ. "ಮಾಷ್ಟ್ರೆ, ಅಷ್ಟು ಜನರನ್ನು ಕೊಂದವರು ಎಂಥ ಮನುಷ್ಯರು? ಅವರಿಗೆ ಹೆಂಡತಿ ಮಕ್ಕಳು ಇರಲಿಲ್ವಾ?"

ಇದ್ದರು. ಬಹಳ ಜನರಿಗೆ ಇದ್ದರು. ಆದರೆ ಇಷ್ಟು ಹೇಳಿ ಮುಂದಿನ ಪಾಠಕ್ಕೆ ಹೋದರೆ ಮಕ್ಕಳಿಗೆ ಸಮಾಧಾನ ಆಗುವುದಿಲ್ಲ, ನನಗೂ ಆಗುವುದಿಲ್ಲ. ಪಾಠದಲ್ಲಿ ಹಿಟ್ಲರ್ ಇದ್ದಾನೆ, ಗ್ಯಾಸ್ ಚೇಂಬರ್ ಇದೆ, ಸುಮಾರು 60 ಲಕ್ಷ ಯಹೂದಿಗಳು ಸತ್ತ ಲೆಕ್ಕ ಇದೆ. ಕೊಂದವರು ಮಾತ್ರ ಕಾಣುವುದಿಲ್ಲ. ಒಬ್ಬ ಹಿಟ್ಲರ್ ಅಷ್ಟು ಜನರನ್ನು ಕೈಯಾರೆ ಕೊಲ್ಲಲು ಆಗುವುದಿಲ್ಲವಲ್ಲ. ಅದಕ್ಕೆ ಬೇರೆ ಸಾವಿರಾರು ಕೈಗಳು ಬೇಕಾಗಿದ್ದವು. ಆ ಕೈಗಳು ಯಾರವು ಎನ್ನುವುದರ ಬಗ್ಗೆ ಈ ಬರಹ. ಸ್ವಲ್ಪ ಉದ್ದ ಆಗಿದೆ, ಪುರುಸೊತ್ತು ಮಾಡಿಕೊಂಡು ಓದಿ.

ನಮ್ಮ ಕಾಸರಗೋಡಿನ ಮಕ್ಕಳು ಯಕ್ಷಗಾನ ನೋಡಿ ಬೆಳೆದವರು. ಆಟದಲ್ಲಿ ರಾಕ್ಷಸ ಬಂದದ್ದು ಯಾರಿಗೂ ತಿಳಿಯದೆ ಹೋಗುವುದಿಲ್ಲ. ಮುಖದ ತುಂಬ ಚುಟ್ಟಿ, ದೊಡ್ಡ ಕಿರೀಟ, ದೊಂದಿ, ರಾಳದ ಬೆಂಕಿ, ಚೆಂಡೆಯ ಅಬ್ಬರ, ಮೇಲಿನಿಂದ ಆರ್ಭಟ. ನಿದ್ದೆ ಹೋಗಿದ್ದ ಮಗುವೂ ಎದ್ದು ಕೂತು ಅಮ್ಮನ ಸೆರಗು ಹಿಡಿಯುತ್ತದೆ. ಆಟಕ್ಕೆ ಅದು ಬೇಕು. ಕಷ್ಟ ಏನೆಂದರೆ ನಾವು ಆಟ ಮುಗಿದು ಮನೆಗೆ ಬಂದ ಮೇಲೂ ಹಾಗೇ ನಂಬಿಕೊಂಡಿರುತ್ತೇವೆ. ಕೆಟ್ಟದ್ದು ಮಾಡುವವನಿಗೆ ಒಂದು ಬಣ್ಣದ ವೇಷ ಇರುತ್ತದೆ, ಅವನು ನಮ್ಮ ಹಾಗೆ ಇರುವುದಿಲ್ಲ, ಕಂಡ ಕೂಡಲೇ ಗುರುತು ಸಿಗುತ್ತದೆ ಅಂತ.

ಈಗ ಚರಿತ್ರೆಗೆ ಬರೋಣ.

ಜರ್ಮನಿಯ ಹ್ಯಾಂಬರ್ಗ್ ಎನ್ನುವುದು ಬಂದರು ಪಟ್ಟಣ. ಅಲ್ಲಿಂದ 1942ರ ಜೂನ್‌ನಲ್ಲಿ 101ನೇ ಮೀಸಲು ಪೊಲೀಸ್ ಬೆಟಾಲಿಯನ್ ಎಂಬ ತುಕಡಿಯನ್ನು ಪೋಲೆಂಡಿಗೆ ಕಳಿಸಿದರು. ಸುಮಾರು 500 ಜನ. ಇವರು ಆಯ್ದು ತೆಗೆದ ಕೊಲೆಗಡುಕರಲ್ಲ. ಸರಾಸರಿ ವಯಸ್ಸು 39. ಸೈನ್ಯಕ್ಕೆ ಸೇರಿಸಿಕೊಳ್ಳಲು ವಯಸ್ಸು ಜಾಸ್ತಿ ಆಯಿತು ಎಂದು ಪೊಲೀಸಿಗೆ ಹಾಕಿದವರು. ಹೆಚ್ಚಿನವರು ಬಂದರಿನ ಕೂಲಿಗಳು, ಲಾರಿ ಡ್ರೈವರುಗಳು, ಗೋದಾಮಿನ ಕೆಲಸದವರು, ಹೋಟೆಲ್ ಮಾಣಿಗಳು. ಉಳಿದವರಲ್ಲಿ ಗುಮಾಸ್ತರು, ಸೇಲ್ಸ್‌ಮನ್‌ಗಳು. ಹಿಟ್ಲರ್ ಬರುವ ಮೊದಲಿನ ಜರ್ಮನಿಯನ್ನು ಕಂಡು ಗೊತ್ತಿದ್ದವರು. ಸಣ್ಣ ಪ್ರಾಯದಿಂದಲೇ ನಾಜಿ ಪಾಠ ಕೇಳಿ ತಲೆ ಕೆಟ್ಟವರು ಎಂದು ಇವರನ್ನು ಬದಿಗಿಡಲು ಆಗುವುದಿಲ್ಲ.

1942ರ ಜುಲೈ 13ರ ಬೆಳಗಾಗುವ ಮೊದಲು ಇವರನ್ನು ಲಾರಿಗಳಲ್ಲಿ ಯೂಜೆಫೂಫ್ ಎಂಬ ಊರಿಗೆ ಕರೆದೊಯ್ದರು. ಅಲ್ಲಿ ಸುಮಾರು 1,800 ಯಹೂದಿಗಳಿದ್ದರು. ಮೇಜರ್ ವಿಲ್ಹೆಲ್ಮ್ ಟ್ರಾಪ್ ಎಂಬ 53 ವರ್ಷದ ಅಧಿಕಾರಿ ಎಲ್ಲರನ್ನೂ ಅರ್ಧ ಸುತ್ತು ನಿಲ್ಲಿಸಿ ಆಜ್ಞೆ ಓದಿ ಹೇಳಿದ. ದುಡಿಯುವ ಪ್ರಾಯದ ಗಂಡಸರನ್ನು ಬೇರೆ ಮಾಡಿ ಶಿಬಿರಕ್ಕೆ ಕಳಿಸಬೇಕು. ಹೆಂಗಸರು, ಮಕ್ಕಳು, ಮುದುಕರನ್ನು ಅಲ್ಲೇ ಗುಂಡು ಹೊಡೆದು ಕೊಲ್ಲಬೇಕು. ಹೇಳುವಾಗ ಅವನ ಗಂಟಲು ಕಟ್ಟಿತ್ತು, ಕಣ್ಣಲ್ಲಿ ನೀರಿತ್ತು ಎಂದು ಅಲ್ಲಿದ್ದವರೇ ಮುಂದೆ ಹೇಳಿದ್ದಾರೆ. ಕೊನೆಗೆ ಅವನು ಯಾರೂ ನಿರೀಕ್ಷಿಸದ ಒಂದು ಮಾತು ಹೇಳಿದ. ಪ್ರಾಯ ಆದವರಲ್ಲಿ ಈ ಕೆಲಸ ತನ್ನಿಂದ ಆಗದು ಅನ್ನಿಸುವವರು ಸಾಲಿನಿಂದ ಮುಂದೆ ಬರಬಹುದು.

ಇಲ್ಲಿ ಸ್ವಲ್ಪ ನಿಂತು ಯೋಚಿಸಿ. ದಾರಿ ತೆರೆದಿತ್ತು. ಮೇಲಧಿಕಾರಿಯೇ ತೆರೆದಿದ್ದ. ಎಷ್ಟು ಜನ ಮುಂದೆ ಬಂದಿರಬಹುದು?

ಕ್ಲಾಸಿನಲ್ಲಿ ನಾನು ಮಕ್ಕಳಿಗೆ ಕಥೆ ಇಲ್ಲಿಗೆ ನಿಲ್ಲಿಸಿ ಇದೇ ಪ್ರಶ್ನೆ ಕೇಳುತ್ತೇನೆ. 400 ಅನ್ನುತ್ತಾರೆ, 300 ಅನ್ನುತ್ತಾರೆ. ತುಂಬಾ ಕಡಿಮೆ ಹೇಳುವವರು 100 ಅನ್ನುತ್ತಾರೆ. ಸುಮಾರು 12 ಜನ. ಮೊದಲು ಒಬ್ಬ ಬಂದ. ಅವನ ಕ್ಯಾಪ್ಟನ್ ಅವನ ಮೇಲೆ ರೇಗಿದ. ಟ್ರಾಪ್ ಆ ಕ್ಯಾಪ್ಟನನ್ನು ತಡೆದ. ಅದನ್ನು ನೋಡಿದ ಮೇಲೆ ಇನ್ನು ಹತ್ತು ಹನ್ನೊಂದು ಜನ ಬಂದರು. ಅಷ್ಟೇ. ಅದಕ್ಕಿಂತ ಮೊದಲೇ, ಹಿಂದಿನ ರಾತ್ರಿ ಸುದ್ದಿ ತಿಳಿದಾಗ, ಊರಿನಲ್ಲಿ ಮರದ ವ್ಯಾಪಾರ ಮಾಡುತ್ತಿದ್ದ ಒಬ್ಬ ಲೆಫ್ಟಿನೆಂಟ್ ಹೆಂಗಸರ ಮೇಲೆ, ಮಕ್ಕಳ ಮೇಲೆ ಗುಂಡು ಹಾರಿಸುವುದಿಲ್ಲ ಎಂದಿದ್ದ. ಅವನಿಗೆ ಬೇರೆ ಕೆಲಸ ಕೊಟ್ಟರು. ಒಲ್ಲೆ ಎಂದ ಇವರಲ್ಲಿ ಒಬ್ಬನನ್ನೂ ಗಲ್ಲಿಗೆ ಹಾಕಲಿಲ್ಲ, ಜೈಲಿಗೂ ಹಾಕಲಿಲ್ಲ.

ಆ ದಿನ ಸಂಜೆಯೊಳಗೆ ಕಾಡಿನಲ್ಲಿ ಕನಿಷ್ಠ 1,500 ಜನ ಸತ್ತರು. ಹೊಡೆಯುತ್ತಾ ಹೊಡೆಯುತ್ತಾ ತಡೆಯಲಾಗದೆ ಮಧ್ಯದಲ್ಲಿ ಬಿಟ್ಟವರು, ಅಲ್ಲಿ ಇಲ್ಲಿ ಅಡಗಿ ತಪ್ಪಿಸಿಕೊಂಡವರು ಇದ್ದರು. ಅವರನ್ನೆಲ್ಲ ಸೇರಿಸಿದರೂ ಆ ಕೆಲಸಕ್ಕೆ ಹಚ್ಚಿದವರಲ್ಲಿ ನೂರಕ್ಕೆ ಹತ್ತರಿಂದ ಇಪ್ಪತ್ತು ಎಂದು ಚರಿತ್ರೆಕಾರ ಕ್ರಿಸ್ಟೋಫರ್ ಬ್ರೌನಿಂಗ್ ಅಂದಾಜು ಮಾಡಿದ್ದಾರೆ. ರಾತ್ರಿ ಎಲ್ಲರೂ ಮುಖ ಬಾಡಿಸಿಕೊಂಡು ಕೂತಿದ್ದರು. ಊಟ ಸೇರಲಿಲ್ಲ, ಕುಡಿದರು. ಆ ದಿನದ ಮಾತು ಎತ್ತಬಾರದು ಎಂದು ಯಾರೂ ಹೇಳದೆಯೇ ಎಲ್ಲರೂ ಸುಮ್ಮನಿದ್ದರು.

ನನ್ನನ್ನು ಹೆಚ್ಚು ಹೆದರಿಸುವುದು ಆ ಮೊದಲ ದಿನವಲ್ಲ. ಎರಡನೇ ಸಲ, ಮೂರನೇ ಸಲ ಆದದ್ದು. ಮುಂದಿನ ಕೊಲೆಗಳಲ್ಲಿ ಗುಂಡು ಹೊಡೆಯುವ ಕೆಲಸದ ಹೆಚ್ಚು ಪಾಲನ್ನು ಬೇರೆಯವರಿಗೆ ಕೊಟ್ಟರು, ಇವರದ್ದು ಜನರನ್ನು ಒಟ್ಟು ಮಾಡುವುದು, ಕಾವಲು ಕಾಯುವುದು. ಆಮೇಲೆ ರೈಲಿಗೆ ತುಂಬುವುದು. ರೈಲು ಎಲ್ಲಿಗೆ ಹೋಗುತ್ತದೆ, ಅಲ್ಲಿ ಏನಾಗುತ್ತದೆ ಎನ್ನುವುದು ಕಣ್ಣಿಗೆ ಬೀಳುವುದಿಲ್ಲ. ಕೆಲಸ ಹಂಚಿಹೋದ ಹಾಗೆ ಮನಸ್ಸಿನ ಭಾರವೂ ಹಂಚಿಹೋಯಿತು. 1943ರ ನವೆಂಬರ್ ಹೊತ್ತಿಗೆ ಈ 500 ಜನ ಸೇರಿ ಕನಿಷ್ಠ 38,000 ಜನರನ್ನು ಗುಂಡಿಟ್ಟು ಕೊಲ್ಲುವುದರಲ್ಲಿ ಪಾಲ್ಗೊಂಡಿದ್ದರು. ಇನ್ನೂ 45,000 ಜನರನ್ನು ಟ್ರೆಬ್ಲಿಂಕಾದ ಗ್ಯಾಸ್ ಚೇಂಬರಿಗೆ ರೈಲು ಹತ್ತಿಸಿದ್ದರು. ಮೊದಲ ದಿನ ಊಟ ಸೇರದವರಲ್ಲಿ ಹಲವರಿಗೆ ಅದು ದಿನನಿತ್ಯದ ಡ್ಯೂಟಿ ಆಗಿಹೋಗಿತ್ತು.

ಕಣ್ಣೀರು ಹಾಕಿದ ಟ್ರಾಪ್‌ನ ಕತೆ ಏನಾಯಿತು ಎಂದು ಮಕ್ಕಳು ಕೇಳುತ್ತಾರೆ. ಯುದ್ಧ ಮುಗಿದ ಮೇಲೆ ಅವನನ್ನು ಪೋಲೆಂಡಿಗೆ ಒಪ್ಪಿಸಿದರು, 1948ರಲ್ಲಿ ಅಲ್ಲಿ ಗಲ್ಲಿಗೇರಿಸಿದರು. ಅತ್ತವನೂ ಆಜ್ಞೆ ಪಾಲಿಸಿದ. ಕಣ್ಣೀರಿನಿಂದ ಯೂಜೆಫೂಫಿನ ಒಂದು ಮಗುವೂ ಉಳಿಯಲಿಲ್ಲ.

ಈ ವಿವರಗಳೆಲ್ಲ ಎಲ್ಲಿಂದ ಬಂದವು ಅನ್ನುವಿರಾ? 1960ರ ದಶಕದಲ್ಲಿ ಹ್ಯಾಂಬರ್ಗಿನಲ್ಲಿ ಈ ತುಕಡಿಯ 210 ಜನರನ್ನು ವಿಚಾರಣೆ ಮಾಡಿದ್ದರು. ಆ ಕಡತಗಳನ್ನು ಓದಿ ಬ್ರೌನಿಂಗ್ 1992ರಲ್ಲಿ 'ಆರ್ಡಿನರಿ ಮೆನ್' ಎಂಬ ಪುಸ್ತಕ ಬರೆದರು. ಆ ಹೇಳಿಕೆಗಳಲ್ಲಿ ಎರಡು ನನ್ನ ತಲೆಯಿಂದ ಹೋಗುವುದೇ ಇಲ್ಲ.

ಒಂದು, ಕಬ್ಬಿಣದ ಕೆಲಸ ಮಾಡುತ್ತಿದ್ದ 35 ವರ್ಷದ ಒಬ್ಬನದ್ದು. ಅವನು ಮಕ್ಕಳನ್ನು ಮಾತ್ರ ಕೊಲ್ಲುತ್ತಿದ್ದನಂತೆ. ಪಕ್ಕದವನು ತಾಯಿಯನ್ನು ಕೊಲ್ಲುತ್ತಾನೆ, ತಾಯಿ ಇಲ್ಲದ ಮಗು ಹೇಗೂ ಬದುಕುವುದಿಲ್ಲ, ಹಾಗಾಗಿ ತಾನು ಮಾಡುವುದು ಒಂದು ರೀತಿಯ ಬಿಡುಗಡೆ ಎಂದು ತನಗೆ ತಾನೇ ಹೇಳಿಕೊಂಡನಂತೆ. ನಮ್ಮ ತಾಳಮದ್ದಳೆ ಕೇಳಿದವರಿಗೆ ಗೊತ್ತು, ಒಳ್ಳೆಯ ಅರ್ಥಧಾರಿ ದುರ್ಯೋಧನನ ಪಕ್ಷ ಹಿಡಿದು ಮಾತಾಡಿದರೂ ಅರ್ಧ ಗಂಟೆಯಲ್ಲಿ ನಾವು ತಲೆ ಆಡಿಸುತ್ತಿರುತ್ತೇವೆ. ಅಲ್ಲಿ ಅದು ಕಲೆ, ಎದುರಿನಲ್ಲಿ ಉತ್ತರ ಕೊಡಲು ಕೃಷ್ಣ ಕೂತಿರುತ್ತಾನೆ. ಒಬ್ಬನೇ ಕೂತು ತನಗೆ ತಾನೇ ಅರ್ಥ ಹೇಳಿಕೊಂಡರೆ ಉತ್ತರ ಕೊಡುವವರು ಯಾರು?

ಇನ್ನೊಂದು, ಒಲ್ಲೆ ಎಂದವರ ಮಾತು. ಇದು ತಪ್ಪು, ಅದಕ್ಕೇ ಮಾಡುವುದಿಲ್ಲ ಎಂದು ಅವರಲ್ಲಿ ಹೆಚ್ಚಿನವರು ಹೇಳಲಿಲ್ಲ. "ನಾನು ಅಷ್ಟು ಗಟ್ಟಿ ಇಲ್ಲ" ಎಂಬ ಅರ್ಥದಲ್ಲಿ ಹೇಳಿ ಬದಿಗೆ ಸರಿದರು. ಅಂದರೆ ಕೊಲ್ಲುವವನು ಗಟ್ಟಿಗ, ಕೊಲ್ಲದವನು ಪುಕ್ಕಲ ಎಂಬ ಲೆಕ್ಕ ಅಲ್ಲಿ ಹಾಗೇ ಉಳಿಯಿತು. ಗುಂಡು ಹಾರಿಸಿದವರಲ್ಲಿ ಕೆಲವರು, ಜೊತೆಯವರ ಮುಂದೆ ಹೇಡಿ ಅನ್ನಿಸಿಕೊಳ್ಳಲು ಮನಸ್ಸಾಗಲಿಲ್ಲ ಎಂದರು. ಇಷ್ಟೇ. ಹಿಟ್ಲರನ ಮೇಲಿನ ಭಕ್ತಿಯಲ್ಲ, ಪ್ರಾಣಭಯವೂ ಅಲ್ಲ. ನಾಳೆ ಬೆಳಗ್ಗೆ ಜೊತೆಗೆ ಚಾ ಕುಡಿಯಬೇಕಾದವರ ಎದುರು ಮುಖ ಸಣ್ಣದಾಗಬಾರದು ಎನ್ನುವ ಯೋಚನೆ.

ಇದನ್ನು ಒಪ್ಪದವರೂ ಇದ್ದಾರೆ. ಡೇನಿಯಲ್ ಗೋಲ್ಡ್‌ಹೇಗನ್ ಎಂಬ ಅಮೆರಿಕದ ವಿದ್ವಾಂಸರು ಇದೇ ತುಕಡಿಯ ಕಡತಗಳನ್ನು ಓದಿ 1996ರಲ್ಲಿ ಬೇರೆಯೇ ಪುಸ್ತಕ ಬರೆದರು. ಇವರನ್ನು ಬರೀ 'ಸಾಮಾನ್ಯ ಮನುಷ್ಯರು' ಎನ್ನಬೇಡಿ, ಇವರು ಯಹೂದಿ ದ್ವೇಷವನ್ನು ಕುಡಿದು ಬೆಳೆದ ಜರ್ಮನರು, ಕೊಲ್ಲುವುದು ಸರಿ ಎಂದು ನಂಬಿಯೇ ಕೊಂದರು ಎನ್ನುವುದು ಅವರ ವಾದ. ಈ ವಾದವನ್ನು ಪೂರ್ತಿ ತಳ್ಳಿಹಾಕಲು ಆಗದು. ವರ್ಷಗಟ್ಟಲೆ "ಅವರು ನಮ್ಮವರಲ್ಲ" ಎಂದು ಕೇಳಿ ಕೇಳಿ ಕಿವಿ ಪಳಗಿರದಿದ್ದರೆ ಆ ಬೆಳಗ್ಗೆ ಬಂದೂಕು ಅಷ್ಟು ಸುಲಭದಲ್ಲಿ ಮೇಲೇಳುತ್ತಿರಲಿಲ್ಲ. ಆದರೆ ಎಲ್ಲವೂ ಜರ್ಮನರ ಗುಣ ಎಂದು ಮುಗಿಸಿಬಿಟ್ಟರೆ ನಮಗೆ ಬಹಳ ಅನುಕೂಲ ಆಗುತ್ತದೆ ನೋಡಿ. ಅದಕ್ಕೇ ನನಗೆ ಅನುಮಾನ.

1961ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಸ್ಟ್ಯಾನ್ಲಿ ಮಿಲ್‌ಗ್ರಾಮ್ ಒಂದು ಪ್ರಯೋಗ ಶುರು ಮಾಡಿದರು. ಬಂದವರಿಗೆ ಕೊಟ್ಟ ಪಾತ್ರ, ಕೇಳಿ, 'ಶಿಕ್ಷಕ'ನದ್ದು! ಪಕ್ಕದ ಕೋಣೆಯ 'ವಿದ್ಯಾರ್ಥಿ' ತಪ್ಪು ಉತ್ತರ ಹೇಳಿದಾಗಲೆಲ್ಲ ಒಂದು ಸ್ವಿಚ್ ಒತ್ತಿ ಶಾಕ್ ಕೊಡಬೇಕು, ಪ್ರತಿ ತಪ್ಪಿಗೆ 15 ವೋಲ್ಟ್ ಏರಿಸಬೇಕು. ನಿಜದಲ್ಲಿ ಶಾಕ್ ಇರಲಿಲ್ಲ, ವಿದ್ಯಾರ್ಥಿ ನಟನೆ ಮಾಡುತ್ತಿದ್ದ, ಶಿಕ್ಷಕನಿಗೆ ಅದು ಗೊತ್ತಿಲ್ಲ. ಮುಂದುವರಿಸಿ ಎಂದು ಹಿಂದೆ ಕೂತ ಒಬ್ಬ ಕೋಟಿನವನು ಹೇಳುತ್ತಿದ್ದ, ಅಷ್ಟೇ. ಪ್ರಕಟವಾದ ಮೊದಲ ಪ್ರಯೋಗದಲ್ಲಿ 40 ಜನರಲ್ಲಿ 26 ಜನ ಕೊನೆಯ 450 ವೋಲ್ಟ್‌ವರೆಗೂ ಹೋದರು. ಬೆವರುತ್ತಾ, ನಡುಗುತ್ತಾ ಹೋದರು. ಇದೆಲ್ಲ ನಾಟಕ ಎಂದು ಅವರಲ್ಲಿ ಹಲವರಿಗೆ ಗುಮಾನಿ ಬಂದಿತ್ತು ಎಂದು ಈಚೆಗೆ ಈ ಪ್ರಯೋಗದ ಮೇಲೆ ಟೀಕೆ ಬಂದಿದೆ, ಅದನ್ನೂ ಹೇಳಬೇಕು. ನಾನು ಮಕ್ಕಳಿಗೆ ಮುಖ್ಯವಾಗಿ ಹೇಳುವುದು ಅದರ ಇನ್ನೊಂದು ಭಾಗ. ಶಿಕ್ಷಕನ ಜೊತೆಗೆ ಇನ್ನಿಬ್ಬರು ಶಿಕ್ಷಕರನ್ನು ಕೂರಿಸಿ, ಅವರು ಮಧ್ಯದಲ್ಲಿ "ಇನ್ನು ನಾವು ಮಾಡುವುದಿಲ್ಲ" ಎಂದು ಎದ್ದು ಹೋಗುವ ಹಾಗೆ ಮಾಡಿದಾಗ, ಕೊನೆಯವರೆಗೆ ಹೋದವರು 40ರಲ್ಲಿ 4 ಜನ ಮಾತ್ರ. ಯೂಜೆಫೂಫಿನಲ್ಲೂ ಮೊದಲು ಒಬ್ಬ ಮುಂದೆ ಬಂದು ಅವನಿಗೆ ಏನೂ ಆಗಲಿಲ್ಲ ಎಂದು ಕಂಡ ಮೇಲೆ ತಾನೇ ಉಳಿದವರು ಬಂದದ್ದು?

ಇಷ್ಟು ದೂರದ ಕತೆ ಹೇಳಿ ನಮ್ಮ ಊರಿನ ಬಗ್ಗೆ ಸುಮ್ಮನಿದ್ದರೆ ಸರಿಯಾಗುವುದಿಲ್ಲ. ಗಡಿನಾಡಿನ ಕನ್ನಡಿಗರಾದ ನಮಗೆ ಒಂದು ಅಭ್ಯಾಸ ಇದೆ. ಅನ್ಯಾಯ ಅಂದರೆ ನಮಗೆ ಆದದ್ದು. 1956ರಲ್ಲಿ ಆದದ್ದು, ಆಮೇಲೆ ಶಾಲೆಗಳಲ್ಲಿ, ಕಚೇರಿಗಳಲ್ಲಿ ಆಗುತ್ತಾ ಬಂದದ್ದು. ಅದು ಸುಳ್ಳಲ್ಲ, ಅದರ ಬಗ್ಗೆ ನಾನೇ ಎಷ್ಟೋ ಸಲ ಬರೆದಿದ್ದೇನೆ. ಆದರೆ ಅನ್ಯಾಯ ಆದವರು ಅನ್ಯಾಯ ಮಾಡುವುದೇ ಇಲ್ಲ ಎಂದು ಎಲ್ಲೂ ಬರೆದಿಟ್ಟಿಲ್ಲ.

ಅಜಲು ಎಂಬ ಪದ ತುಳುನಾಡಿನ ಹಿರಿಯರಿಗೆ ಗೊತ್ತು. ಹೊಸ ಮಕ್ಕಳಿಗೆ ಗೊತ್ತಿಲ್ಲ. ಮನೆಯಲ್ಲಿ ಯಾರಿಗಾದರೂ ಕಾಯಿಲೆಯೋ ಕಂಟಕವೋ ಇದ್ದರೆ, ಅವರ ಕೂದಲು, ಉಗುರು ಬೆರೆಸಿದ ಅನ್ನವನ್ನು ಕೊರಗ ಸಮುದಾಯದವರನ್ನು ಕರೆಸಿ ತಿನ್ನಿಸುವುದು. ಪೀಡೆ ಅವರಿಗೆ ಹೋಗಲಿ ಅಂತ. ಕಂಬಳ ಶುರುವಾಗುವ ಮೊದಲು ಅವರನ್ನು ಕೋಣಗಳ ಹಾಗೆ ಓಡಿಸುವುದು. ಎಂಜಲು ಕೊಡುವುದು. ಇದನ್ನು ತಡೆಯಲು ಕರ್ನಾಟಕ ಸರಕಾರ 2000ದಲ್ಲಿ ಪ್ರತ್ಯೇಕ ಕಾನೂನನ್ನೇ ಮಾಡಬೇಕಾಯಿತು. 1950ರಲ್ಲಿ ಅಲ್ಲ, 2000ದಲ್ಲಿ! ಕಾಸರಗೋಡು 1956ರವರೆಗೆ ದಕ್ಷಿಣ ಕನ್ನಡದ್ದೇ ತಾಲೂಕು. ಕೊರಗರು ಗಡಿಯ ಎರಡೂ ಕಡೆ ಇದ್ದಾರೆ, ಅವರ ಮಕ್ಕಳು ನಮ್ಮ ಕನ್ನಡ ಶಾಲೆಗಳಿಗೂ ಬರುತ್ತಾರೆ.

ಅಜಲನ್ನೂ ಯೂಜೆಫೂಫನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತಿಲ್ಲ. ಒಂದು ಸಾಮೂಹಿಕ ಕೊಲೆ, ಇನ್ನೊಂದು ತಲೆಮಾರುಗಳ ಅವಮಾನ. ನಾನು ನೋಡುವುದು ಮಾಡಿದವರ ಕಡೆ. ಆ ಅನ್ನ ಕಲಸಿಕೊಟ್ಟವರು ಯಾರು? ರಾಕ್ಷಸರಲ್ಲ. ಬೆಳಗ್ಗೆ ತುಳಸಿಗೆ ನೀರೆರೆದ ಕೈಗಳೇ. ಹಸಿದು ಬಂದವರಿಗೆ ಎಲೆ ಹಾಕುವ ಮನೆಗಳೇ. ತಮ್ಮ ಮಗುವಿನ ಜ್ವರ ಬಿಡಲಿ ಎಂಬ ಪ್ರೀತಿಯಿಂದಲೇ ಇನ್ನೊಬ್ಬರ ಬಾಯಿಗೆ ಅದನ್ನು ಹಾಕಿದರು. ದ್ವೇಷ ಬೇಕಾಗಲಿಲ್ಲ. ಎಲ್ಲರೂ ಮಾಡುತ್ತಾರೆ, ಹಿಂದಿನಿಂದ ಬಂದದ್ದು, ಅವರಿಗೂ ಅಭ್ಯಾಸ ಆಗಿದೆ... ಇಷ್ಟು ಸಾಕಾಯಿತು. ಅಲ್ಲಿ ಹಿಟ್ಲರ್ ಇರಲಿಲ್ಲ, ಆಜ್ಞೆ ಓದಿದ ಮೇಜರ್ ಇರಲಿಲ್ಲ. ಹಾಗಾಗಿ ಇದು ಜರ್ಮನರಿಗೆ ಮಾತ್ರ ಬರುವ ರೋಗ ಎಂದು ಹೇಳಲು ನನ್ನ ನಾಲಿಗೆ ಏಳುವುದಿಲ್ಲ.

ಆದರೆ ಸಾಲಿನಿಂದ ಹೊರಗೆ ಬಂದವರು ನಮ್ಮಲ್ಲೂ ಇದ್ದರು. ಕುದ್ಮುಲ್ ರಂಗರಾಯರು, 1859ರಲ್ಲಿ ಹುಟ್ಟಿದವರು, ಸಾರಸ್ವತ ಬ್ರಾಹ್ಮಣರು, ಮಂಗಳೂರಿನಲ್ಲಿ ವಕೀಲರು. 1892ರಲ್ಲಿ ದಲಿತ ಮಕ್ಕಳಿಗಾಗಿ ಶಾಲೆ ತೆರೆದರು. 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿದರು. ಸ್ವಂತ ಜಾತಿಯವರು ಅವರನ್ನು ದೂರ ಇಟ್ಟರು. ಅಂದರೆ ಹ್ಯಾಂಬರ್ಗಿನ ಲಾರಿ ಡ್ರೈವರು ಯಾವುದಕ್ಕೆ ಹೆದರಿದನೋ ಅದು ರಂಗರಾಯರಿಗೆ ನಿಜವಾಗಿಯೇ ಆಯಿತು, ಒಂದು ದಿನವಲ್ಲ, ವರ್ಷಗಟ್ಟಲೆ. ಆದರೂ 1928ರಲ್ಲಿ ತೀರಿಹೋಗುವವರೆಗೆ ಅವರು ಆ ದಾರಿ ಬಿಡಲಿಲ್ಲ.

ಹಾಗಾದರೆ ದೊಡ್ಡ ಕೇಡು ಮಾಡುವ ಶಕ್ತಿ ಎಲ್ಲರಲ್ಲೂ ಇದೆಯೇ? ಇದೆ ಎಂದೇ ನನಗೆ ತೋರುತ್ತದೆ. ಹಾಗೆಂದು "ಎಲ್ಲರೂ ಹಾಗೇ, ಅವರ ತಪ್ಪೇನು" ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಮುಂದೆ ಬಂದ ಆ 12 ಜನ ಬೇರೆ ಮಣ್ಣಿನಿಂದ ಮಾಡಿದವರಲ್ಲ. ಅದೇ ಬಂದರಿನವರು, ಅದೇ ಲಾರಿಯಲ್ಲಿ ಬಂದವರು, ಅದೇ ಆಜ್ಞೆ ಕೇಳಿದವರು. ಅವರಿಗೆ ಸಾಧ್ಯವಾಯಿತು ಎಂದ ಮೇಲೆ ಉಳಿದವರಿಗೂ ಸಾಧ್ಯವಿತ್ತು. ತಪ್ಪು ತಪ್ಪೇ.

ಮೇಷ್ಟ್ರ ಕೆಲಸಕ್ಕೂ ಇದಕ್ಕೂ ಏನು ಸಂಬಂಧ ಎಂದು ಕೇಳುವವರಿಗೆ ಒಂದು ಸಣ್ಣ ವಿಷಯ ಹೇಳುತ್ತೇನೆ. ನಮ್ಮ ಶಾಲೆಯಲ್ಲಿ ಮನೆಯಲ್ಲಿ ತುಳು, ಮಲಯಾಳ, ಕೊಂಕಣಿ, ಹವ್ಯಕ, ಬ್ಯಾರಿ, ಮರಾಠಿ ಮಾತಾಡುವ ಮಕ್ಕಳೆಲ್ಲ ಒಟ್ಟಿಗೆ ಇದ್ದಾರೆ. ಕೆಲವು ವರ್ಷಗಳ ಹಿಂದೆ ಒಬ್ಬ ಹುಡುಗನ ಮಾತಿನ ರೀತಿಗೆ ಒಂದು ಅಡ್ಡಹೆಸರು ಬಿತ್ತು. ಮೊದಲು ಹೆಸರು, ಆಮೇಲೆ ಅವನ ಚಪ್ಪಲಿ ಅಡಗಿಸುವುದು, ಆಮೇಲೆ ಬುತ್ತಿಗೆ ಮಣ್ಣು ಹಾಕುವುದು. ವಿಚಾರಿಸಿದಾಗ ಒಬ್ಬನೂ ಸುಳ್ಳು ಹೇಳಲಿಲ್ಲ. ನಾನು ಚೀಲ ಎತ್ತಿ ಕೊಟ್ಟದ್ದು ಮಾತ್ರ, ನಾನು ಬಾಗಿಲಲ್ಲಿ ನಿಂತದ್ದು ಮಾತ್ರ, ನಾನು ನಕ್ಕದ್ದು ಮಾತ್ರ. ಬುತ್ತಿಗೆ ಮಣ್ಣು ಬಿದ್ದದ್ದು ನಿಜ, ಹಾಕಿದ ಕೈ ಯಾವುದೆಂದು ಹೇಳುವ ಹಾಗಿರಲಿಲ್ಲ, ಯಾಕೆಂದರೆ ಎಲ್ಲರ ಕೈಯೂ ಅದರಲ್ಲಿ ಸ್ವಲ್ಪ ಸ್ವಲ್ಪ ಇತ್ತು. ಎಲ್ಲ ಒಳ್ಳೆಯ ಮಕ್ಕಳು, ಹಿಂದಿನ ವಾರವಷ್ಟೇ ಪ್ರವಾಹ ಪರಿಹಾರಕ್ಕೆ ಹಣ ಒಟ್ಟು ಮಾಡಿದವರು.

ಅದು ನಿಂತದ್ದು ಶಿಕ್ಷೆಯಿಂದಲ್ಲ. ಒಬ್ಬಳು ಹುಡುಗಿ, ಹೆಚ್ಚು ಮಾತಿಲ್ಲದವಳು, ಮಾರನೆಯ ದಿನ ತನ್ನ ಬುತ್ತಿ ತೆಗೆದುಕೊಂಡು ಹೋಗಿ ಆ ಹುಡುಗನ ಪಕ್ಕದಲ್ಲಿ ಕೂತು ಉಂಡಳು. ಎರಡು ದಿನ ಅವಳಿಗೂ ನಗೆ ಸಿಕ್ಕಿತು. ಮೂರನೇ ದಿನ ಇನ್ನಿಬ್ಬರು ಹೋಗಿ ಕೂತರು. ವಾರದಲ್ಲಿ ಆ ಅಡ್ಡಹೆಸರೇ ಸತ್ತುಹೋಯಿತು.

ಮಕ್ಕಳಾಟವನ್ನು ಹತ್ಯಾಕಾಂಡಕ್ಕೆ ಹೋಲಿಸುವಷ್ಟು ತಲೆ ಕೆಟ್ಟಿಲ್ಲ ನನಗೆ. ಆದರೆ "ನಾನು ಬರುವುದಿಲ್ಲ" ಎಂದು ಹೇಳುವುದು ಒಂದು ಅಭ್ಯಾಸ, ಈಜಿದ ಹಾಗೆ. ಹೊಳೆಯಲ್ಲಿ ನೆರೆ ಬಂದ ದಿನ ಕಲಿಯುತ್ತೇನೆ ಎಂದರೆ ಆಗುವುದಿಲ್ಲ, ಬೇಸಿಗೆಯಲ್ಲಿ ಕೆರೆಯಲ್ಲೇ ಕಲಿತಿರಬೇಕು. ನಮ್ಮ ಶಾಲೆಗಳು ಕಲಿಸುವುದು ಹೆಚ್ಚಾಗಿ ಸಾಲಿನಲ್ಲಿ ನಿಲ್ಲುವುದನ್ನು. ಅದೂ ಬೇಕು, ಅಸೆಂಬ್ಲಿ ನಡೆಯಬೇಕಲ್ಲ! ಜೊತೆಗೆ ಸಾಲಿನಿಂದ ಯಾವಾಗ ಹೊರಗೆ ಬರಬೇಕು, ಹೊರಗೆ ಬಂದವನನ್ನು ಪುಕ್ಕಲ ಎಂದು ಕರೆಯಬಾರದು ಎನ್ನುವುದನ್ನೂ ಕಲಿಸಲು ಆದೀತೇ? ಪರೀಕ್ಷೆಯಲ್ಲಿ ಇದಕ್ಕೆ ಅಂಕ ಇಲ್ಲ. ಆದರೂ ನಾನು ಆ ಪಾಠಕ್ಕೆ ಒಂದು ಪಿರಿಯಡ್ ಹೆಚ್ಚು ಇಟ್ಟುಕೊಳ್ಳುತ್ತೇನೆ.

ನಿಮ್ಮ ಶಾಲೆಯಲ್ಲಿ ಆ ಹುಡುಗಿಯಂಥವರನ್ನು ಕಂಡಿದ್ದರೆ ಬರೆದು ತಿಳಿಸಿ. ಅಂಥವರ ಕತೆಗಳನ್ನು ಒಟ್ಟು ಮಾಡಿ ಮಕ್ಕಳಿಗೆ ಓದಿ ಹೇಳಬೇಕೆಂದು ಆಸೆ ಇದೆ.